ಗಾಳಿ ಕೇಳಿ ನಡೆಯುತ್ತಿದ್ದ ಕಾಕ

ಹೊರಗೆ ಕಾಲಿಡುವ ಮೊದಲು ಅವರು ಬೆರಳನ್ನು ನಾಲಗೆಗೆ ತಾಗಿಸಿ ಎರಡೂ ಕಿವಿಯ ಹಾಲೆಗಳನ್ನು ಒದ್ದೆ ಮಾಡಿಕೊಳ್ಳುತ್ತಿದ್ದರು. ದೊಡ್ಡ ಕಿವಿಗಳು, ಒಣ ಮೈಗೆ ಹೋಲಿಸಿದರೆ ಯಾರದೋ ಕಿವಿಯನ್ನು ಸಾಲ ತಂದಂತೆ ಕಾಣುವಷ್ಟು ದೊಡ್ಡವು. ಆಮೇಲೆ ಅಡುಗೆಮನೆಯ ಬಾಗಿಲಲ್ಲಿ ಕಣ್ಣು ಮುಚ್ಚಿ ಅರೆನಿಮಿಷ ನಿಲ್ಲುವುದು. ಯಾವ ಕಿವಿ ಮೊದಲು ತಣ್ಣಗಾಯಿತೋ ಆ ಕಡೆಯಿಂದ ಗಾಳಿ.

ನಾನು ಹೊಸದಾಗಿ ಬಂದವನು ಮುದುಕರಿಗೆ ಕಿವಿನೋವು ಎಂದು ತಿಳಿದು, ಹತ್ತಿರದ ಪೇಟೆ ಹೊಫೂಫಿನ ಔಷಧಿ ಅಂಗಡಿಯಿಂದ ಕಿವಿಗೆ ಬಿಡುವ ಹನಿಯ ಬಾಟಲಿ ತಂದುಕೊಟ್ಟೆ. ಅವರು ಬಹಳ ಗೌರವದಿಂದ ತೆಗೆದುಕೊಂಡರು. ಔಷಧಿಯನ್ನು ಮರಳಿಗೆ ಚೆಲ್ಲಿ, ಬಾಟಲಿ ತೊಳೆದು ಒಣಗಿಸಿ, ಅದರಲ್ಲಿ ಮೈದಾ ತುಂಬಿಸಿ ಅಂಗಿಯ ಜೇಬಿಗೆ ಹಾಕಿಕೊಂಡರು. ಬಾಟಲಿಯ ಹೊಟ್ಟೆ ಹಿಸುಕಿದರೆ ಮೂತಿಯಿಂದ ಮೈದಾದ ಸಣ್ಣ ಹೊಗೆ ಏಳುತ್ತಿತ್ತು, ಗಾಳಿ ಹೋದ ಕಡೆಗೆ ಹೋಗುತ್ತಿತ್ತು. ಮರುದಿನ ನನ್ನನ್ನು ಕರೆದು ಹೇಳಿದರು: "ನಿನ್ನ ಔಷಧಿ ಭಾರೀ ಒಳ್ಳೇದುಂಟು ಮಾರಾಯ. ಈಗ ಎಲ್ಲ ಸರಿ ಕಾಣ್ತದೆ."

ನಾವಿದ್ದದ್ದು ಸೌದಿಯ ಅಲ್ ಅಹ್ಸಾದ ಖರ್ಜೂರದ ತೋಟಗಳು ಮುಗಿದು ಮರಳು ಶುರುವಾಗುವ ಜಾಗದಲ್ಲಿ. ನಮ್ಮನ್ನು ಕೆಲಸಕ್ಕೆ ಕರೆಸಿಕೊಂಡ ಯಜಮಾನ, ಅಂದರೆ ಕಫೀಲ್, ಅಲ್ಲಿ ದೊಡ್ಡ ಬೇಲಿ ಹಾಕಿ, ಸರಕಾರದ ಪರವಾನಗಿ ಪಡೆದು ರೀಮ್ ಎಂಬ ಮರಳುಗಾಡಿನ ಜಿಂಕೆಗಳನ್ನು ಸಾಕಿದ್ದಾನೆ. ತಾತಂದಿರು ಜೀಪಿನಲ್ಲಿ ಅಟ್ಟಿ ಮುಗಿಸಿದ್ದನ್ನು ಮೊಮ್ಮಕ್ಕಳು ಹುಲ್ಲು ಹಾಕಿ ಬೆಳೆಸಿ ಮತ್ತೆ ಕಾಡಿಗೆ ಬಿಡುವ ವ್ಯವಸ್ಥೆ. ನನ್ನ ಇಕಾಮಾದಲ್ಲಿ, ಅಂದರೆ ವಾಸದ ಪರವಾನಗಿಯಲ್ಲಿ, ಮೇನೇಜರ್ ಎಂದು ಬರೆದಿದೆ. ಗೇಟಿನ ಬೀಗದ ಕೈ ನನ್ನಲ್ಲಿರುವುದರಿಂದ ಅದನ್ನು ಪೂರ್ತಿ ಸುಳ್ಳೆನ್ನಲಾಗದು. ಅವರ ಇಕಾಮಾದಲ್ಲಿ ಅಡುಗೆಯವ ಎಂದಿತ್ತು. ಹತ್ತು ಮಂದಿ ಕೆಲಸಗಾರರಿಗೆ ಅನ್ನ ಬೇಯಿಸುವುದು ಅವರ ಕೆಲಸ. ಎಲ್ಲರೂ ಅವರನ್ನು ಕಾಕ ಎನ್ನುತ್ತಿದ್ದರು, ಅವರಿಗಿಂತ ಹಿರಿಯನಾದ ಪಠಾಣ ಕಾವಲುಗಾರನೂ ಸೇರಿ.

ಕಾಕ ಸುಳ್ಯದ ಕಡೆಯವರು, ಮನೆಮಾತು ಬ್ಯಾರಿ. ನಾನು ಭಟ್ಕಳದವನು, ನನ್ನದು ನವಾಯತಿ. ಒಬ್ಬರದು ಇನ್ನೊಬ್ಬರಿಗೆ ಅರ್ಥವಾಗದ ಕಾರಣ ನಾವಿಬ್ಬರೂ ಸೌದಿಯ ಮರಳಿನಲ್ಲಿ ಕೂತು ಕನ್ನಡದ ಸೇವೆ ಮಾಡುತ್ತಿದ್ದೆವು. ಬಹುಪಾಲು ಜಗಳದ ರೂಪದಲ್ಲಿ.

ಜಗಳ ಹೆಚ್ಚಾಗಿ ಅತ್ತರಿನದು. ನಮ್ಮ ಮನೆತನದಲ್ಲಿ ನಮಾಜಿಗೆ ಮೊದಲು ಕೈಕಾಲು ಮುಖ ತೊಳೆದು ವುಜೂ ಮಾಡಿದ ಮೇಲೆ ಅತ್ತರಿನಲ್ಲಿ ಅದ್ದಿದ ಹತ್ತಿಯ ಚೂರನ್ನು ಬಲಗಿವಿಯ ಮಡಿಕೆಯಲ್ಲಿ ಇಟ್ಟುಕೊಳ್ಳುವುದು ವಾಡಿಕೆ. ನನ್ನ ಅಪ್ಪ ಇಡುತ್ತಿದ್ದರು, ಅವರ ಅಪ್ಪನೂ ಇಡುತ್ತಿದ್ದರಂತೆ. ಕಾಕನಾದರೋ ಸಾಬೂನನ್ನೇ ಮುಟ್ಟದ ಮನುಷ್ಯ. ಬರೀ ನೀರಲ್ಲಿ ಮೀಯುವುದು, ಅಂಗಿಗಳನ್ನು ಬರ್ಸೀಮ್ ಹುಲ್ಲಿನ ಶೆಡ್ಡಿನಲ್ಲಿ ಕಟ್ಟುಗಳ ನಡುವೆ ಸಿಕ್ಕಿಸಿಡುವುದು. ಅಡುಗೆಯವರಾಗಿಯೂ ಅವರಿಂದ ಹುಲ್ಲಿನ ವಾಸನೆ ಬಿಟ್ಟು ಬೇರೇನೂ ಬರುತ್ತಿರಲಿಲ್ಲ.

"ಭಟ್ಕಳದ ಸಾಹೇಬರು ಬರುವ ಮೊದಲೇ ಅವರ ಸುದ್ದಿ ಬರ್ತದೆ," ಎನ್ನುತ್ತಿದ್ದರು.

"ಒಳ್ಳೆಯ ಸುದ್ದಿ ತಾನೆ ಕಾಕ?"

"ಮದುವೆ ಮನೆಗೆ ಒಳ್ಳೇದು. ಜಿಂಕೆಗೆ ಎಂತಕ್ಕೆ ಮಾರಾಯ ಅದು? ಅದಕ್ಕೆ ನಿನ್ನ ಸಂಬಂಧ ಬೇಡ."

ವಾಸನೆ ಅಡಗಿಸಿ ಪ್ರಾಣಿಯ ಹತ್ತಿರ ಹೋಗುವ ಈ ವಿದ್ಯೆ ಅವರಿಗೆ ಬಂದದ್ದು ಸೋದರಮಾವನಿಂದ. ಮಾವ ಹಳೆಯ ಕಾಲದ ಬೇಟೆಗಾರ, ಪ್ರಾಯದಲ್ಲಿ ಕಾಕನೂ ಅದೇ. ಹೊರಡುವ ಮೂರು ದಿನ ಮೊದಲೇ ಬೀಡಿ, ನೀರುಳ್ಳಿ, ತಲೆಗೆ ಎಣ್ಣೆ ಎಲ್ಲ ಬಂದ್. ಗಾಳಿ ಮುಖಕ್ಕೆ ಬಡಿಯುವಂತೆ ನಡೆದರೆ ಸಾಕು ಎಂದು ನಾನು ಪುಸ್ತಕದ ಪಾಂಡಿತ್ಯ ತೋರಿಸಿದಾಗ ಕಾಕ ನಕ್ಕರು. ಮಲಗಿ ಮೆಲುಕು ಹಾಕುವ ಜಿಂಕೆ ಗಾಳಿಗೆ ಬೆನ್ನು ಕೊಟ್ಟು ಕೂರುತ್ತದಂತೆ. ಹಿಂದಿನದನ್ನು ಮೂಗು ನೋಡಿಕೊಳ್ಳುತ್ತದೆ, ಮುಂದಿನದನ್ನು ಕಣ್ಣು. ಆದ್ದರಿಂದ ಹೋಗಬೇಕಾದದ್ದು ಪಕ್ಕದಿಂದ, ಗಾಳಿಗೆ ಅಡ್ಡವಾಗಿ, ಒಂದೇ ಕಿವಿ ತಣ್ಣಗಾಗುವ ಹಾಗೆ. ಮರಳು ದಿಬ್ಬದ ಮರೆಯಲ್ಲಿ ಮಾತ್ರ ಜಾಗ್ರತೆ, ಅಲ್ಲಿ ಗಾಳಿ ಸುತ್ತಿ ಹಿಂದಕ್ಕೆ ಬರುತ್ತದೆ.

ಬೇಟೆ ಬಿಟ್ಟದ್ದೇಕೆ ಎಂದು ಒಂದು ಸಲ ಕೇಳಿದ್ದೆ. ಅವರು ಅಕ್ಕಿ ಆರಿಸುತ್ತಿದ್ದರು. "ಒಂದು ಕಡವೆ. ಗಾಳಿ ಪೂರ್ತಿ ನನ್ನ ಕಡೆ ಇತ್ತು. ಅದಕ್ಕೆ ಗೊತ್ತೇ ಆಗ್ಲಿಲ್ಲ ಮಾರಾಯ." ಒಂದು ಕಲ್ಲು ತೆಗೆದು ಬಿಸಾಡಿದರು. "ಹಾಲಿತ್ತು ಅದಕ್ಕೆ. ಒಮ್ಮೆಯಾದ್ರೂ ಗೊತ್ತಾಗ್ಬೇಕಿತ್ತು."

ಒಂದು ಚಳಿಗಾಲ ನಮ್ಮ ಬೇಲಿಯೊಳಗಿನ ಗಬ್ಬದ ಹೆಣ್ಣು ಜಿಂಕೆಯೊಂದು ಬಾಯಿಗೆ ಹುಲ್ಲಿನ ಕಟ್ಟಿನ ಪ್ಲಾಸ್ಟಿಕ್ ಹಗ್ಗ ಸುತ್ತಿಕೊಂಡಿತು. ದವಡೆಗೂ ಕುತ್ತಿಗೆಗೂ ಸೇರಿ ಬಿಗಿದ ಹಗ್ಗ. ತಿನ್ನಲಾಗದು, ಮೆಲುಕು ಹಾಕಲಾಗದು. ನಮ್ಮ ಪಶುವೈದ್ಯರು ಸುಡಾನಿನವರು, ಸಜ್ಜನರು. ಅವರ ಬಳಿ ಮಂಪರು ಮದ್ದಿನ ಸೂಜಿ ಹಾರಿಸುವ ಬಂದೂಕಿತ್ತು, ಆದರೆ ಅದಕ್ಕೆ ಮೂವತ್ತು ಹೆಜ್ಜೆಯೊಳಗೆ ಹೋಗಬೇಕು. ಜೀಪಿನಲ್ಲಿ ಅಟ್ಟಿದರೆ ಈ ಜಾತಿಯ ಜಿಂಕೆ ಓಡಿದ ಆಯಾಸಕ್ಕೇ ಸಾಯುತ್ತದೆ ಎಂದರು. ಎರಡು ದಿನ ಅವರು ನಡೆದೇ ಪ್ರಯತ್ನಿಸಿದರು. ಕೈಗೆ ಸ್ಯಾನಿಟೈಸರ್, ಕಂಕುಳಿಗೆ ಸ್ಪ್ರೇ. ಇನ್ನೂರು ಹೆಜ್ಜೆ ದೂರದಲ್ಲೇ ಜಿಂಕೆ ಮಾಯ.

ಮೂರನೆಯ ದಿನ ಶುಕ್ರವಾರ. ನಮಾಜಿನ ನಂತರ ಕಫೀಲ್ ತಾನೇ ಬಂದು, ಡಾಕ್ಟರನ್ನೂ ನನ್ನನ್ನೂ ಅತಿಥಿಗಳ ಕೋಣೆಯಾದ ಮಜ್ಲಿಸಿನಲ್ಲಿ ಕೂರಿಸಿ ಅರಬ್ಬೀ ಕಾಫಿ ಖಾವಾ ಕುಡಿಸಿದ. ಏಳುವ ಹೊತ್ತಿಗೆ ಪದ್ಧತಿಯಂತೆ ಬಖೂರಿನ ಧೂಪದಾನಿ ಬಂತು. ಅತಿಥಿಯನ್ನು ಘಮಘಮ ಮಾಡದೆ ಕಳಿಸುವುದು ಆ ನಾಡಿನಲ್ಲಿ ಇಲ್ಲ, ಬೇಡವೆನ್ನುವುದೂ ಇಲ್ಲ. ಕಫೀಲ್ ಸ್ವತಃ ನಮ್ಮ ತಲೆವಸ್ತ್ರದೊಳಗೆ, ತೋಳಿನೊಳಗೆ ಊದ್ ಹೊಗೆ ತುಂಬಿಸಿ, "ಯಲ್ಲಾ, ಅಲ್ಲಾಹನ ಹೆಸರಲ್ಲಿ ಹೋಗಿ, ಅದನ್ನು ಉಳಿಸಿ" ಎಂದು ಹರಸಿ ಕಳಿಸಿದ.

ಖಾವಾದ ಲೋಟಗಳನ್ನು ಒಯ್ಯಲು ಬಂದ ಕಾಕ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದರು. "ಈಗ ರಿಯಾದಿನ ಜಿಂಕೆಗಳಿಗೂ ದಿಬ್ಬಣ ಹೊರಟದ್ದು ಗೊತ್ತಾಯ್ತು," ಎಂದರು ಮೆಲ್ಲಗೆ, ನನಗೆ ಮಾತ್ರ ಕೇಳುವಂತೆ.

ಅಂದು ಜಿಂಕೆ ಓಡಿ ಬೇಲಿಗೆ ಬಡಿದು ಬಿತ್ತು. ಎದ್ದು ಹೋಯಿತೇನೋ ನಿಜ, ಆದರೆ ಎದ್ದ ರೀತಿ ಸರಿಯಿರಲಿಲ್ಲ. ಇನ್ನೊಂದು ಸಲ ಹೀಗಾದರೆ ಎರಡು ಜೀವ ಹೋಗುತ್ತದೆ ಎಂದರು ಡಾಕ್ಟರು.

ಸಂಜೆ ಕಾಕ ಅಡುಗೆಮನೆಯಿಂದ ಆಜ್ಞೆ ಹೊರಡಿಸಿದರು. ಒಗ್ಗರಣೆ ಇಲ್ಲ, ನೀರುಳ್ಳಿ ಇಲ್ಲ, ಮೀನು ಇಲ್ಲ. ಕ್ಯಾಂಪಿಗೆಲ್ಲ ಉಪ್ಪು ಹಾಕಿದ ಗಂಜಿ. ಪಠಾಣ ದಂಗೆಯೇಳುವ ಲಕ್ಷಣ ತೋರಿಸಿದ. ಅವನಿಗೆ ಕಾಕ ಇನ್ನೊಂದು ಸೌಟು ಗಂಜಿ ಬಡಿಸಿದರು. ಡಾಕ್ಟರ ಬಟ್ಟೆ, ನನ್ನ ಬಟ್ಟೆ ಬರೀ ನೀರಲ್ಲಿ ಅದ್ದಿ ಹಿಂಡಿ ಹುಲ್ಲಿನ ಶೆಡ್ಡಿಗೆ ಹೋದವು.

ಮರುದಿನ ಸುಬಹ್ ನಮಾಜು ಮುಗಿಸಿ ಬೆಳಕು ಹರಿಯುವಾಗ ಶೆಡ್ಡಿಗೆ ಹೋದೆ. ಡಾಕ್ಟರು ಮುಖಕ್ಕೆ ತಲೆವಸ್ತ್ರ ಬಿಗಿದುಕೊಂಡು ಆಚೆ ಬಂದೂಕು ಸಿದ್ಧ ಮಾಡುತ್ತಿದ್ದರು. ಕಾಕ ನನ್ನನ್ನು ಹುಲ್ಲಿನ ಕಟ್ಟುಗಳ ಹಿಂದಕ್ಕೆ ಎಳೆದರು.

"ನೀನೂ ಬರ್ಲಿಕ್ಕುಂಟು."

"ನಾನಾ? ನಾನೆಂತ ಮಾಡುವುದು ಕಾಕ?"

"ಮೂಸುವುದು." ಹುಲ್ಲಿನ ಕಡ್ಡಿಯೊಂದನ್ನು ಕಿತ್ತು ಮೂಗಿಗೆ ಹಿಡಿದು ಬಿಸಾಡಿದರು. "ಆ ಜ್ವರ ಬಂತಲ್ಲ, ಎಲ್ಲರಿಗೂ ಬಂದದ್ದು. ಆವತ್ತಿಂದ ನನ್ನ ಮೂಗು ಸತ್ತಿದೆ ಮಾರಾಯ. ಗಾಳಿ ಎಲ್ಲಿಂದ ಅಂತ ಗೊತ್ತಾಗ್ತದೆ. ಗಾಳಿಯಲ್ಲಿ ಎಂತ ಉಂಟು ಅಂತ ಗೊತ್ತಾಗುದಿಲ್ಲ."

ಅನ್ನ ಎರಡು ಮೂರು ಸಲ ತಳ ಹಿಡಿದದ್ದು, ನಾನು ಮೇನೇಜರ್ ಗತ್ತಿನಲ್ಲಿ ಆಕ್ಷೇಪ ಎತ್ತಿದ್ದು ನೆನಪಾಯಿತು.

"ಕಫೀಲನಿಗೆ ಹೇಳ್ಬೇಡ. ಮೂಗಿಲ್ಲದ ಅಡುಗೆಯವನನ್ನು ಯಾರು ಇಟ್ಕೊಳ್ತಾರೆ? ಇವತ್ತು ನೀನೇ ನನ್ನ ಮೂಗು. ಹೋಗು, ಮೊದಲು ಡಾಕ್ಟರನ್ನು ಮೂಸಿ ನೋಡು."

ಹೀಗಾಗಿ ಸೂರ್ಯೋದಯದ ಪವಿತ್ರ ವೇಳೆಯಲ್ಲಿ ನಾನು, ಭಟ್ಕಳದ ಪ್ರತಿಷ್ಠಿತ ಮನೆತನದವನು, ಒಬ್ಬ ಸುಡಾನಿ ವೈದ್ಯರ ಸುತ್ತ ಮೂರು ಸುತ್ತು ಬಂದು ಕಂಕುಳು, ಕುತ್ತಿಗೆ, ಬೆನ್ನು ಎಲ್ಲವನ್ನೂ ಮೂಸಿದೆ. ಅವರು ದೊಡ್ಡ ಮನುಷ್ಯರು, ಕೈಯೆತ್ತಿ ಸಹಕರಿಸಿದರು. ಬರೀ ಹುಲ್ಲು ಎಂದು ವರದಿ ಒಪ್ಪಿಸಿದೆ. ಕಾಕನನ್ನೂ ಮೂಸಿದೆ, ಬರೀ ಹುಲ್ಲು. ಮೂಸುವವನನ್ನು ಮೂಸುವವರು ಮಾತ್ರ ಯಾರೂ ಇರಲಿಲ್ಲ.

ಉತ್ತರದ ಶಮಾಲ್ ಗಾಳಿ ಹದವಾಗಿ ಬೀಸುತ್ತಿತ್ತು. ಕಾಕ ಕಿವಿ ಒದ್ದೆ ಮಾಡಿಕೊಂಡು, ಮೈದಾ ಹಾರಿಸಿ ನೋಡಿ, ನಮ್ಮನ್ನು ಗಾಳಿಗೆ ಅಡ್ಡವಾಗಿ ನಡೆಸಿದರು. ಮೊದಲು ನಡಿಗೆ, ಆಮೇಲೆ ಮೊಣಕಾಲು, ಕೊನೆಗೆ ಹೊಟ್ಟೆ. ದಿಬ್ಬದ ಅಂಚಿನಿಂದ ಇಣುಕಿದಾಗ ಜಿಂಕೆ ಎಪ್ಪತ್ತು ಹೆಜ್ಜೆ ದೂರದಲ್ಲಿ ಮಲಗಿತ್ತು. ಪಕ್ಕೆಲುಬು ಎಣಿಸುವಂತಿತ್ತು, ಹೊಟ್ಟೆ ಮಾತ್ರ ದೊಡ್ಡದು.

ಆಗ ಗಾಳಿ ದಿಬ್ಬ ಸುತ್ತಿ ಹಿಂದಿನಿಂದ ಬಂದದ್ದು ನನ್ನ ಕುತ್ತಿಗೆಗೇ ಗೊತ್ತಾಯಿತು. ಜಿಂಕೆ ತಟ್ಟನೆ ಎದ್ದು ನಿಂತಿತು. ಮುಂಗಾಲಿನಿಂದ ನೆಲ ಬಡಿಯಿತು. ಮೂಗು ನೇರ ನಮ್ಮ ಕಡೆ.

ಕಾಕ ನನ್ನ ಕಡೆ ತಿರುಗಿದರು. ಏನು ವಾಸನೆ ಎಂದು ಹುಬ್ಬಿನಲ್ಲೇ ಕೇಳಿದರು. ಮೂಸಿದೆ. ಏನೂ ಇಲ್ಲ ಎಂದು ತಲೆಯಾಡಿಸಿದೆ. ನಾನು ಪ್ರಾಮಾಣಿಕನಾಗಿಯೇ ಹೇಳಿದ್ದು. ಅವರ ಕಣ್ಣು ನನ್ನ ಬಲಗಿವಿಯಲ್ಲಿ ನಿಂತಿತು.

ಸುಬಹ್ ನಮಾಜಿಗೆ ವುಜೂ ಮಾಡಿದ ಮೇಲೆ ನನ್ನ ಕೈ ತನ್ನ ಪಾಡಿಗೆ ತಾನು ಡಬ್ಬಿ ತೆರೆದು ಹತ್ತಿಯನ್ನು ಕಿವಿಗೆ ಇಟ್ಟಿತ್ತು. ನನ್ನನ್ನು ಕೇಳಿರಲಿಲ್ಲ. ಹುಟ್ಟಿದಾಗಿನಿಂದ ಆ ಅತ್ತರಿನಲ್ಲೇ ಬೆಳೆದ ಮೂಗು ಅದನ್ನು ವಾಸನೆಯ ಲೆಕ್ಕಕ್ಕೇ ಹಿಡಿದಿರಲಿಲ್ಲ.

ಕಾಕ ಎರಡು ಬೆರಳಿನಲ್ಲಿ ಆ ಹತ್ತಿಯನ್ನು ಕಿತ್ತರು. ಬಿಸಾಡುವಂತಿಲ್ಲ, ಹೂಳಲು ಮರಳು ಕೆದಕಿದರೆ ಜಿಂಕೆ ನೋಡುತ್ತದೆ. ಅದನ್ನು ತಮ್ಮ ಬಾಯಿಗೆ ಹಾಕಿಕೊಂಡು ತುಟಿ ಮುಚ್ಚಿದರು. ಆಮೇಲೆ ಕೈಗೆ ಸಿಕ್ಕಿದ ಜಿಂಕೆಯ ಹಿಕ್ಕೆಯನ್ನು ಅಂಗೈಯಲ್ಲಿ ಉಜ್ಜಿ ನನ್ನ ಕಿವಿಗೆ ಬಳಿದರು. ಅಲ್ಲಾಡಬೇಡ ಎಂದು ಕೈಸನ್ನೆ ಮಾಡಿದರು.

ಅಲ್ಲಾಡುವುದು ಎಲ್ಲಿ ಬಂತು? ಮುಖವನ್ನು ಮರಳಿಗೆ ಒತ್ತಿ ಬಿದ್ದಿದ್ದೆ. ಆ ಜಿಂಕೆ ಓಡಿದರೆ ಅದರ ಸಾವಿಗೆ ಕಾರಣ ಹಗ್ಗವಲ್ಲ, ನಾನು. ಅಷ್ಟು ಮಾತ್ರ ಸ್ಪಷ್ಟವಿತ್ತು. ಎಷ್ಟು ಹೊತ್ತಾಯಿತೋ ತಿಳಿಯದು. ಗಾಳಿ ಮತ್ತೆ ಪಕ್ಕಕ್ಕೆ ಹೊರಳಿತು. ತಲೆಯೆತ್ತಿದಾಗ ಜಿಂಕೆ ಮತ್ತೆ ಮಲಗುತ್ತಿತ್ತು, ಓಡಲು ಅದಕ್ಕೂ ತ್ರಾಣ ಉಳಿದಿರಲಿಲ್ಲವೇನೋ. ಕಾಕ ನನ್ನನ್ನು ಅಲ್ಲೇ ಬಿಟ್ಟು ಡಾಕ್ಟರ ತೋಳು ಹಿಡಿದು ಹಾವಿನಂತೆ ಮುಂದೆ ಸರಿದರು. ನಲವತ್ತು ಹೆಜ್ಜೆಯಷ್ಟು ದೂರ ಸಾಗಲು ಬಿಸಿಲೇರುವಷ್ಟು ಹೊತ್ತು ಹಿಡಿಯಿತು. ಟಪ್ ಎಂಬ ಸಣ್ಣ ಸದ್ದು. ಜಿಂಕೆ ಹಾರಿ ನಾಲ್ಕು ಹೆಜ್ಜೆ ಹಾಕಿ, ತೂಗಾಡಿ, ಕೂತಿತು.

ಕಾಕ ತಮ್ಮ ತಲೆವಸ್ತ್ರವನ್ನು ಅದರ ಕಣ್ಣಿಗೆ ಮುಚ್ಚಿ, ತರಕಾರಿ ಹೆಚ್ಚುವ ಚಾಕುವಿನಿಂದ ಹಗ್ಗ ಕೊಯ್ದರು. ದವಡೆಯ ಗಾಯಕ್ಕೆ ಮದ್ದು ಹಾಕಿದ ಡಾಕ್ಟರು ಮಂಪರು ಇಳಿಸುವ ಇಂಜೆಕ್ಷನ್ ಕೊಟ್ಟರು. ಅದು ಎದ್ದು ನಿಂತು, ನಮ್ಮನ್ನೊಮ್ಮೆ ಮೂಸಿ, ನಮ್ಮ ಬಗ್ಗೆ ಒಳ್ಳೆಯ ಅಭಿಪ್ರಾಯವಿಲ್ಲದಂತೆ ನಡೆದುಹೋಯಿತು. ದಿಬ್ಬ ದಾಟುವವರೆಗೂ ಕಾಕ ನೋಡುತ್ತಲೇ ಇದ್ದರು. ಆಮೇಲೆ ಹತ್ತಿ ಉಗುಳಿದರು.

ನಾನು ಕಿವಿಯ ಹಿಕ್ಕೆ ಒರೆಸುತ್ತ ಕ್ಷಮೆ ಕೇಳಲು ಹೊರಟೆ.

"ಇಷ್ಟು ಹೆಸರು ಕೇಳಿದ್ದೆ," ಎಂದರು ಕಾಕ. "ಭಟ್ಕಳದ ಅತ್ತರಿಗೆ ರುಚಿಯೇ ಇಲ್ಲ ಮಾರಾಯ."

ಕಫೀಲನಿಗೆ ಆ ಬೆಳಗಿನ ಕತೆಯನ್ನು ಹಲವು ಬಾರಿ ಹೇಳಿದ್ದೇನೆ. ಮೂಗಿನ ಭಾಗ ಮತ್ತು ಕಿವಿಯ ಭಾಗ ಬಿಟ್ಟು. ಮರಿ ಹುಟ್ಟಿದಾಗ ಅವನು ಕಾಕನಿಗೆ ಊದ್ ಅತ್ತರಿನ ಸಣ್ಣ ಬಾಟಲಿ ಉಡುಗೊರೆ ಕೊಟ್ಟ. ಕಾಕ ಅದನ್ನು ಮುಚ್ಚಳ ತೆರೆಯದೆ ಅಕ್ಕಿಯ ಡ್ರಮ್ಮಿನ ಹಿಂದೆ ಇಟ್ಟರು. ನನಗೊಂದು ಹೊಸ ಕೆಲಸ ಬಂತು. ದಿನಾ ಮಧ್ಯಾಹ್ನ ಅಡುಗೆಮನೆಯಿಂದ ಕೂಗು: "ಮೇನೇಜರ್ರೇ, ಬಂದು ಸಹಿ ಹಾಕಿ." ಹೋಗಿ ಸಾರು ಮೂಸಿ, ಒಗ್ಗರಣೆ ಸೀದಿಲ್ಲ, ಮೀನು ಹಳಸಿಲ್ಲ ಎಂದು ತಲೆಯಾಡಿಸಿ ಬರುವುದು. ಮೂರು ರಮಝಾನ್ ಹೀಗೆ ಕಳೆಯಿತು. ಒಬ್ಬರಿಗೂ ಗೊತ್ತಾಗಲಿಲ್ಲ. ಪಠಾಣನಂತೂ ಕಾಕನ ಕೈಗುಣ ಸುಧಾರಿಸಿದೆ ಎಂದು ಸಾರುತ್ತಿದ್ದ.

ನಾಲ್ಕನೆಯ ರಮಝಾನಿಗೆ ಒಂದು ತಿಂಗಳಿರುವಾಗ, ಒಂದು ಬೆಳಿಗ್ಗೆ ಅಡುಗೆಮನೆಯ ಬಾಗಿಲು ತೆರೆಯಲಿಲ್ಲ. ನಿದ್ದೆಯಲ್ಲೇ ಹೋಗಿದ್ದರು. ಊರಿನಿಂದ ಮಗಳು ಫೋನಿನಲ್ಲಿ, "ಅಲ್ಲೇ ದಫನ ಮಾಡಿ, ಬಪ್ಪನಿಗೆ ಆ ಜಾಗ ಇಷ್ಟ ಇತ್ತು" ಎಂದಳು. ಹೊಫೂಫಿನಲ್ಲಿ ಮಯ್ಯಿತ್ತನ್ನು, ಅವರ ದೇಹವನ್ನು, ಮೀಯಿಸಲು ನಾನೂ ಕೈಹಚ್ಚಿದೆ. ಆ ದೊಡ್ಡ ಕಿವಿಗಳ ಮೇಲೆ ನೀರು ಹೊಯ್ದಾಗ ಎರಡೂ ಹಾಲೆಗಳು ಒದ್ದೆಯಾದವು. ಕಿಟಕಿ ಮುಚ್ಚಿತ್ತು, ಗಾಳಿ ಇರಲಿಲ್ಲ.

ಕಫನಿಗೆ, ದೇಹಕ್ಕೆ ಸುತ್ತುವ ಬಿಳಿ ಬಟ್ಟೆಗೆ, ಸುಗಂಧ ಹಾಕುವುದು ನಮ್ಮ ಕ್ರಮ. ಅಕ್ಕಿಯ ಡ್ರಮ್ಮಿನ ಹಿಂದಿನ ಆ ಬಾಟಲಿಯನ್ನು ನಾನು ತಂದಿದ್ದೆ. ಮುಚ್ಚಳ ತೆರೆದು, ಹತ್ತಿ ಅದ್ದಿ, ಸ್ವಲ್ಪ ಹೊತ್ತು ಹಾಗೇ ನಿಂತೆ. ಮೀಯಿಸುತ್ತಿದ್ದ ನಮ್ಮ ಕರಾವಳಿ ಕಡೆಯ ಹಿರಿಯರು, "ಹಾಕು, ಎಂತ ಯೋಚನೆ?" ಎಂದರು. ಹಾಕಿದೆ. ಕಿವಿಯ ಮಡಿಕೆಯಲ್ಲಿ, ಬಲಗಡೆ. ಇನ್ನು ಅವರು ಯಾರ ಹತ್ತಿರಕ್ಕೂ ಕದ್ದು ಹೋಗಬೇಕಾಗಿರಲಿಲ್ಲ.