ಒಂದು ಕಿಲೋ ಎಂಟುನೂರು ಗ್ರಾಂ

ನನ್ನ ತಮ್ಮ ತೂಕದ ಯಂತ್ರಗಳನ್ನು ರಿಪೇರಿ ಮಾಡುವವನು. ಬೀದಿಯವರಿಗೆಲ್ಲ ಅವನು ತಕ್ಕಡಿಯಣ್ಣ. ತರಕಾರಿ ಅಂಗಡಿಯ ತಕ್ಕಡಿಯಿಂದ ಹಿಡಿದು ಗೋದಾಮಿನಲ್ಲಿ ಮೂಟೆ ತೂಗುವ ದೊಡ್ಡ ಯಂತ್ರದವರೆಗೆ ಎಲ್ಲವೂ ಒಂದಲ್ಲ ಒಂದು ದಿನ ಅವನ ಕೈಗೆ ಬಂದಿವೆ. ಪರೀಕ್ಷೆಗೆ ಇಟ್ಟುಕೊಂಡಿರುವ ಹಿತ್ತಾಳೆಯ ತೂಕದ ಬಟ್ಟುಗಳನ್ನು ಅವನು ಬರಿಗೈಯಲ್ಲಿ ಮುಟ್ಟುವುದಿಲ್ಲ. ಬೆವರು ತಾಗಿದರೆ ತೂಕ ಕೆಡುತ್ತದಂತೆ. ಮನೆಗೆ ತಂದ ಸಕ್ಕರೆಯನ್ನೂ ಒಮ್ಮೆ ತೂಗಿ ನೋಡಿಯೇ ಡಬ್ಬಿಗೆ ಸುರಿಯುವ ಆಸಾಮಿ. "ಸೀಲ್ ಹಾಕಿದ ತಕ್ಕಡಿ ಸುಳ್ಳು ಹೇಳಲ್ಲ" ಎನ್ನುವುದು ಅವನ ಖಾಯಂ ಮಾತು. ಕೇಳಿ ಕೇಳಿ ನಮ್ಮ ಕಿವಿ ತೂತಾಗಿತ್ತು.

ಅಮ್ಮ ತೀರಿಕೊಂಡಾಗ ಅವನಿಗೆ ಒಂಬತ್ತು ವರ್ಷ, ನನಗೆ ಹತ್ತೊಂಬತ್ತು. ಅವನನ್ನು ಬೆಳೆಸುವುದರಲ್ಲಿ ನನ್ನ ಮದುವೆಯ ವಯಸ್ಸು ಕಳೆಯಿತು. ಅದಕ್ಕೆ ನಾನು ಅಳುತ್ತಾ ಕೂತವಳಲ್ಲ. ಲೈಬ್ರರಿಯಲ್ಲಿ ಕೆಲಸ, ಎರಡನೆಯ ಮಹಡಿಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆ, ಮಾತಿಗೆ ತಮ್ಮ. ಅವನು ಮದುವೆಯಾಗಿ ಅದೇ ಕಟ್ಟಡದ ಮೂರನೆಯ ಮಹಡಿಗೆ ಹೋದಾಗಲೂ ನಾನು ಏನೂ ಕಳೆದುಕೊಂಡಿಲ್ಲ ಎಂದುಕೊಂಡೆ. ಯಾಕೆಂದರೆ ಮೇಲೆ ಹೋಗಬೇಕಾದರೂ ಕೆಳಗೆ ಇಳಿಯಬೇಕಾದರೂ ನನ್ನ ಬಾಗಿಲು ದಾಟಿಯೇ ಹೋಗಬೇಕು. ನಮ್ಮ ಕಟ್ಟಡಕ್ಕೆ ಲಿಫ್ಟ್ ಇಲ್ಲ.

ಲಿಫ್ಟ್ ಇಲ್ಲದ್ದೇ ಈ ಕತೆಗೆ ಮೂಲ. ತಮ್ಮನ ಹೆಂಡತಿಗೆ ಎಂಟು ತಿಂಗಳು ತುಂಬುತ್ತಿದ್ದಂತೆ ಒಂದೇ ಉಸಿರಿಗೆ ಮೂರು ಮಹಡಿ ಹತ್ತಲು ಆಗುತ್ತಿರಲಿಲ್ಲ. ಕೆಳಗೆ ಮೆಟ್ಟಿಲ ಪಕ್ಕದ ಗೂಡಿನಂಥ ಅಂಗಡಿಯಲ್ಲಿ ಇಸ್ತ್ರಿಯಮ್ಮ ಇದ್ದಾಳೆ. ನಾಲ್ಕು ಹೆತ್ತವಳು, ಅಗಲ ಮುಖ, ಕೈಯಲ್ಲಿ ಸದಾ ಬಿಸಿ ಇಸ್ತ್ರಿಪೆಟ್ಟಿಗೆ. ಅವಳು ಒಂದು ದಿನ ಒಂದು ಸ್ಟೂಲು ಹೊರಗೆ ಹಾಕಿ, "ಸ್ವಲ್ಪ ಕೂತು ಹೋಗವ್ವ" ಎಂದಳು. ಈ ಹುಡುಗಿ ಕೂತಳು. ಮೊದಲ ದಿನ ಐದು ನಿಮಿಷ. ವಾರದಲ್ಲಿ ಅರ್ಧ ಗಂಟೆ. ಆಮೇಲೆ ಹೊರಗೆ ಹೋಗಿಬರುವ ಕೆಲಸ ಇಲ್ಲದಿದ್ದರೂ, ಮೇಲಿನಿಂದ ಇಳಿದು ಬಂದು ಕೂರತೊಡಗಿದಳು.

ನನ್ನ ಮನೆಯಲ್ಲಿ ಕುರ್ಚಿ ಇರಲಿಲ್ಲವೇ? ಮೆತ್ತೆ ಹಾಕಿದ ಕುರ್ಚಿ. ನನ್ನ ಹೊಟ್ಟೆ ಉರಿಯಿತು ಎಂದು ಈಗಲೇ ಹೇಳಿಬಿಡುತ್ತೇನೆ. ಆದರೆ ನನಗಿಂತ ಹೆಚ್ಚು ಉರಿದದ್ದು ತಮ್ಮನಿಗೆ.

ತನ್ನ ರಿಪೇರಿ ಅಂಗಡಿ ಮುಚ್ಚಿ ಸಂಜೆ ಬರುತ್ತಿದ್ದವನು ಮೇಲೆ ಹೋಗುವ ಮುಂಚೆ ನನ್ನಲ್ಲಿ ಚಹಾ ಕುಡಿಯುತ್ತಿದ್ದ.

"ಇವತ್ತು ಮುಕ್ಕಾಲು ಗಂಟೆ ಅಕ್ಕಾ."

"ಏನೋ ಅದು ಮುಕ್ಕಾಲು ಗಂಟೆ?"

"ಆ ಸ್ಟೂಲಿನ ಮೇಲೆ. ನಾನು ಗೇಟು ತೆಗೆದ ತಕ್ಷಣ ಇಬ್ಬರೂ ಗಪ್‌ಚಿಪ್. ನಾನು ನಾಲ್ಕು ಮೆಟ್ಟಿಲು ಹತ್ತಿದ್ಮೇಲೆ ಮತ್ತೆ ಶುರು. ನನ್ನ ಹತ್ರ ಮಾತ್ರ, ಏನಾಗ್ತಿದೆ ಅಂದ್ರೆ ಏನಿಲ್ಲ, ಹೇಗಿದೀಯ ಅಂದ್ರೆ ಹೀಗೇ ಇದೀನಿ."

"ಹೆಂಗಸರ ಮಾತು ಬಿಡೋ."

"ಮಗು ನನ್ನದೂ ತಾನೆ?"

ಆಗ ನಾನು ಹೇಳಬೇಕಾಗಿದ್ದದ್ದು ಒಂದೇ ಮಾತು: ಮೇಲೆ ಹೋಗಿ ಇದನ್ನು ಅವಳಿಗೇ ಹೇಳು. ಹೇಳಲಿಲ್ಲ. ಮದುವೆಯಾದ ಮೇಲೆ ಅವನು ನನ್ನೆದುರು ಹೀಗೆ ಮನಸ್ಸು ಬಿಚ್ಚಿ ಕೂತದ್ದೇ ಇರಲಿಲ್ಲ. ಅವನ ಸಂಕಟ ನನಗೆ ಹಬ್ಬವಾಗಿತ್ತು. "ಇನ್ನೊಂದು ಲೋಟ ಹಾಕ್ಲಾ?" ಎಂದು ಕೇಳಿದೆ.

ಆಸ್ಪತ್ರೆಯ ತಪಾಸಣೆಗೆ ಮೊದಲೆಲ್ಲ ಅವನೇ ಕರೆದುಕೊಂಡು ಹೋಗುತ್ತಿದ್ದ. ಒಂದು ಸೋಮವಾರ ಅವಳು, "ನಾಳೆ ಇಸ್ತ್ರಿಯಮ್ಮ ಬರ್ತಾರಂತೆ, ನೀವು ಅಂಗಡಿ ನೋಡ್ಕೊಳ್ಳಿ" ಎಂದಳಂತೆ. ಅವನ ಕೆಲಸ ಕೆಡದಿರಲಿ ಎಂದೇ ಹೇಳಿದ್ದಿರಬಹುದು. ಇವನು ಮುಖ ಊದಿಸಿಕೊಂಡ. ಸಿಟ್ಟು ಬಂದರೆ ನನ್ನ ತಮ್ಮ ಕೂಗಾಡುವವನಲ್ಲ. ತಟ್ಟೆಯನ್ನು ಮೆಲ್ಲಗೆ ಇಡುತ್ತಾನೆ, ಬಾಗಿಲನ್ನು ಮೆಲ್ಲಗೆ ಹಾಕುತ್ತಾನೆ, ಎದುರಿಗಿದ್ದವರ ಮುಖ ಮಾತ್ರ ನೋಡುವುದಿಲ್ಲ. ಬೈಸಿಕೊಳ್ಳುವುದೇ ಎಷ್ಟೋ ವಾಸಿ.

ಅದಾದ ಹತ್ತು ಹನ್ನೆರಡು ದಿನಕ್ಕೆ, ಒಂದು ಭಾನುವಾರ, ಅದೇ ಆಸ್ಪತ್ರೆಯ ಕಾವಲುಗಾರ ಮೈತೂಕ ನೋಡುವ ಯಂತ್ರವನ್ನು ಆಟೋದಲ್ಲಿ ಹಾಕಿಕೊಂಡು ಅಂಗಡಿಗೆ ತಂದ. ಹಲಗೆ ಕುಂಟುತ್ತಿದೆ, ಸರಿಮಾಡಿಕೊಡಿ ಎಂದ. ಸಂಜೆ ತಮ್ಮ ಬಂದು ಕೂತಾಗ ಅವನ ಮುಖದಲ್ಲಿ ಅಪರೂಪಕ್ಕೆ ಗೆಲುವಿತ್ತು.

"ಹಲಗೆ ಏನೂ ಅಲ್ಲ ಅಕ್ಕಾ, ಒಂದು ಬೋಲ್ಟು. ನಿಜವಾದ ರೋಗ ಒಳಗಿತ್ತು. ಸ್ಪ್ರಿಂಗ್ ಸೋತಿದೆ. ಖಾಲಿ ಇದ್ದಾಗ ಮುಳ್ಳು ಸರಿಯಾಗಿ ಸೊನ್ನೆಗೇ ನಿಲ್ಲುತ್ತೆ, ಹಂಗಾಗಿ ಯಾರಿಗೂ ಡೌಟೇ ಬಂದಿಲ್ಲ. ಅರವತ್ತು ಕಿಲೋ ಇಟ್ಟೆ ನೋಡು, ಒಂದು ಕಿಲೋ ಎಂಟುನೂರು ಗ್ರಾಂ ಜಾಸ್ತಿ ತೋರಿಸ್ತು! ಎಷ್ಟು ತಿಂಗಳಿಂದ ತೋರಿಸ್ತಿದೆಯೋ. ಹೊಸ ಸ್ಪ್ರಿಂಗ್ ಹಾಕಿ, ಬಟ್ಟು ಇಟ್ಟು ನೋಡಿ, ಸೀಲ್ ಹಾಕಿದೀನಿ. ನಾಳೆ ಬೆಳಿಗ್ಗೆ ವಾಪಸ್ ಹೋಗುತ್ತೆ."

"ನಿನ್ನ ಹೆಂಡತಿಗೆ ಹೇಳಿದ್ಯಾ? ಅವಳೂ ಅದರ ಮೇಲೇ ನಿಲ್ಲೋದು."

"ಹೇಳೋಣ ಅಂತ್ಲೇ ಓಡಿ ಬಂದೆ. ಕೆಳಗೆ ಸ್ಟೂಲಿನ ಮೇಲೆ ಕೂತಿದ್ಲು, ನನ್ನ ನೋಡಿ ಬಾಯಿ ಮುಚ್ಕೊಂಡ್ಲು. ಅವಳು ನಂಗೆ ಏನೂ ಹೇಳಲ್ಲ, ನಾನ್ಯಾಕೆ ಹೇಳ್ಲಿ?"

ನಾನು ನಕ್ಕೆ. ನಕ್ಕದ್ದು ಅಷ್ಟೇ ಅಲ್ಲ, "ಸರಿಯಾಗೇ ಮಾಡ್ದೆ" ಎಂದೂ ಅಂದೆ. ಆ ಮಾತನ್ನು ಈಗ ನೆನೆದರೆ ನಾಲಗೆ ಕಚ್ಚಿಕೊಳ್ಳುವಂತಾಗುತ್ತದೆ.

ಅದರ ಮುಂದಿನ ಎರಡು ವಾರ ಆ ಹುಡುಗಿ ಸೊರಗುತ್ತಾ ಬಂದಳು. ಕಣ್ಣಿನ ಕೆಳಗೆ ಕಪ್ಪು, ಕಾಲು ಊದಿತ್ತು. ನನ್ನ ಬಾಗಿಲು ದಾಟುವಾಗ ಗೋಡೆ ಹಿಡಿದು ನಿಂತದ್ದು ಕಿಟಕಿಯಿಂದ ಕಂಡಿತು. ಬಾಗಿಲು ತೆರೆಯುವಷ್ಟರಲ್ಲಿ ಹೊರಟುಹೋಗಿದ್ದಳು. ಸ್ಟೂಲಿನ ಮೇಲೆ ಮಾತ್ರ ಒಂದು ಗಂಟೆ, ಒಂದೂವರೆ ಗಂಟೆ. ಕೊನೆಗೆ ನನ್ನಿಂದ ತಡೆಯಲಾಗಲಿಲ್ಲ. ಅವಳು ಮೇಲೆ ಮಲಗಿದ್ದ ಒಂದು ಮಧ್ಯಾಹ್ನ, ಕಪಾಟಿನಲ್ಲಿ ಮಡಿಸಿಟ್ಟಿದ್ದ ಮೂರು ಸೀರೆ ತೆಗೆದು, ಕೈಯಲ್ಲೇ ಚೆನ್ನಾಗಿ ಮುದುಡಿಸಿ, ಇಸ್ತ್ರಿಯಮ್ಮನ ಮುಂದೆ ಹಾಕಿದೆ.

ಅವಳು ಸೀರೆ ನೋಡಿದಳು, ನನ್ನನ್ನು ನೋಡಿದಳು. "ಇದನ್ನ ಮೊನ್ನೆ ತಾನೇ ಮಾಡಿಕೊಟ್ಟೆ. ಉಟ್ಟ ಗುರುತೇ ಇಲ್ಲ. ಬಂದ ವಿಷಯ ಹೇಳಿ."

ಕಳ್ಳಿ ಸಿಕ್ಕಿಬಿದ್ದೆ. ನೇರವಾಗಿ ಕೇಳಿದೆ: "ಅವಳು ಇಲ್ಲಿ ಕೂತು ಅಷ್ಟು ಹೊತ್ತು ಏನು ಹೇಳ್ತಾಳೆ?"

"ಮೊದಮೊದಲು ಎಲ್ಲ ಹೇಳ್ತಿದ್ಲು. ಹೆಣ್ಣಾದ್ರೆ ಸೈಕಲ್ ಕಲಿಸ್ಬೇಕು, ಗಂಡಾದ್ರೆ ಅಡುಗೆ ಕಲಿಸ್ಬೇಕು, ಯಾವುದಾದ್ರೂ ನಿಮ್ಮ ಮನೆ ಮೂಗು ಮಾತ್ರ ಬರಬಾರದು, ಹೀಗೆ." ನನ್ನ ಕೈ ನನಗೆ ತಿಳಿಯದೆ ಮೂಗಿಗೆ ಹೋಯಿತು. ಇಸ್ತ್ರಿಯಮ್ಮ ನಗಲಿಲ್ಲ. "ಈಗ ಅದೆಲ್ಲ ಇಲ್ಲ ಬಿಡಿ. ಈಗ ಬರೀ ಅಳು. ಮಗು ಬೆಳೀತಿಲ್ಲ ಅಂತ."

"ಯಾರಂದ್ರು?"

"ಯಾರು ಅನ್ಬೇಕು? ಮೈತೂಕ ಅರವತ್ನಾಲ್ಕು ಇತ್ತಂತೆ. ಮುಂದಿನ ಸಲ ನೋಡಿದ್ರೆ ಅರವತ್ಮೂರು. ಈ ವಾರ ಅರವತ್ಮೂರು ಚಿಲ್ಲರೆ. ನರ್ಸ್ ಕಾರ್ಡಲ್ಲಿ ಕೆಂಪು ಗೆರೆ ಹಾಕಿದ್ರು. ಡಾಕ್ಟ್ರು ಹೊಟ್ಟೆ ಮುಟ್ಟಿ ನೋಡಿ, ಭಯ ಬೇಡ, ಬರೋ ವಾರ ಸ್ಕ್ಯಾನ್ ಮಾಡೋಣ ಅಂದ್ರು. ಇವಳು ಕೇಳ್ಬೇಕಲ್ಲ. ತಕ್ಕಡಿ ಸುಳ್ಳು ಹೇಳಲ್ಲ, ತಕ್ಕಡಿ ಸುಳ್ಳು ಹೇಳಲ್ಲ ಅಂತ ಅದೊಂದೇ ಮಾತು."

ಲೆಕ್ಕ ನನಗೆ ತಕ್ಷಣ ಹೊಳೆಯಿತು. ಮುಂಚಿನ ಅರವತ್ನಾಲ್ಕು ಸೋತ ಸ್ಪ್ರಿಂಗಿನ ಅರವತ್ನಾಲ್ಕು. ನಿಜವಾದ ತೂಕ ಅರವತ್ತೆರಡು ಚಿಲ್ಲರೆ. ಅವಳು ಇಳಿದಿಲ್ಲ, ಏರಿದ್ದಾಳೆ. ಯಂತ್ರ ಇಷ್ಟು ದಿನ ಜಾಸ್ತಿ ತೋರಿಸುತ್ತಿತ್ತೆಂದು ಆ ನರ್ಸಿಗೆ ಯಾರೂ ಹೇಳಿಲ್ಲ. ಹೇಳಬೇಕಾದವನು ನನ್ನ ಮನೆಯಲ್ಲಿ ಕೂತು ಚಹಾ ಕುಡಿದ.

"ಇದನ್ನ ಅವಳು ನನ್ನ ಹತ್ರ ಹೇಳಬಾರದಿತ್ತಾ?" ಎಂದೆ. ಆ ಹೊತ್ತಿನಲ್ಲೂ ನನಗೆ ಅದೇ ಚಿಂತೆ ನೋಡಿ.

ಇಸ್ತ್ರಿಯಮ್ಮ ಸೀರೆಯ ಮೇಲೆ ನೀರು ಚಿಮುಕಿಸುತ್ತಾ ಕಡ್ಡಿ ಮುರಿದಂತೆ ಹೇಳಿದಳು: "ನಿಮಗೆ ಹೇಳಿದ್ರೆ, ಹೇಳಿ ಮುಗಿಸೋಕೆ ಮುಂಚೆನೇ ನೀವು ಉತ್ತರ ಕೊಡ್ತೀರಂತೆ."

ನಾನು ಸೀರೆ ಅಲ್ಲೇ ಬಿಟ್ಟು ಮೆಟ್ಟಿಲು ಹತ್ತಿದೆ. ನೇರ ಮೂರನೆಯ ಮಹಡಿಗೆ ಹೋಗುವುದು ನನ್ನ ಮನಸ್ಸಿನಲ್ಲಿತ್ತು. ಅವಳ ಬಾಗಿಲು ತಟ್ಟಿ, ಅವಳ ಕೈ ಹಿಡಿದು, ನಿನ್ನ ಮಗು ಚೆನ್ನಾಗಿದೆ ಕಣೇ ಎಂದು ನಾನೇ ಹೇಳಬೇಕು. ಎರಡು ವಾರ ಕೇಳಿಸಿಕೊಂಡ ಇಸ್ತ್ರಿಯಮ್ಮನಿಗೆ ಗೊತ್ತಿಲ್ಲದ್ದು, ಗಂಡ ಹೇಳದೆ ಇಟ್ಟುಕೊಂಡದ್ದು, ನನ್ನ ಬಾಯಿಂದ ಬರಬೇಕು. ಆಗಲಾದರೂ ಅವಳು ನನ್ನ ಕುರ್ಚಿಯಲ್ಲಿ ಕೂತಾಳು. ನನ್ನ ಬಾಗಿಲವರೆಗೂ ಆ ಆಸೆಯನ್ನು ಹೊತ್ತುಕೊಂಡು ಹೋದೆ. ಅಲ್ಲಿ ಕಿಟಕಿಯ ಹತ್ತಿರ ತಮ್ಮನ ಚಹಾದ ಲೋಟ ಬೋರಲು ಹಾಕಿತ್ತು. ಅದನ್ನು ನೋಡಿ ನನ್ನ ಬಗ್ಗೆಯೇ ನನಗೆ ಹೇಸಿಗೆಯಾಯಿತು. ತಿರುಗಿ ಇಳಿದು, ಅವನ ಅಂಗಡಿಗೆ ಹೋದೆ.

ಅವನು ಒಂದು ಸಣ್ಣ ತಕ್ಕಡಿಯ ಮೇಲೆ ಬಗ್ಗಿದ್ದ. ನಾನು ಹೇಳುತ್ತಾ ಹೋದಂತೆ ಅವನ ಮುಖದ ಬಣ್ಣ ಇಳಿಯಿತು. ಐನೂರು ಗ್ರಾಮಿನ ಬಟ್ಟನ್ನು ಬರಿಗೈಯಲ್ಲೇ ಹಿಡಿದುಕೊಂಡಿದ್ದ. ಅದು ಗೊತ್ತೇ ಆಗದೆ ಜೇಬಿಗೆ ಹಾಕಿಕೊಂಡು, ಷಟರ್ ಅರ್ಧ ಎಳೆದು ಓಡಿದ. ಹಾಡುಹಗಲಲ್ಲಿ ಅಂಗಡಿ ಮುಚ್ಚಿದ್ದು ಅವನ ಜನ್ಮದಲ್ಲಿ ಅದೇ ಮೊದಲು. ನಾನು ಹಿಂದೆಯೇ ಏದುಸಿರು ಬಿಡುತ್ತಾ ಹೋಗಿ, ಮೂರನೆಯ ಮಹಡಿಯ ಮೆಟ್ಟಿಲಲ್ಲೇ ನಿಂತೆ. ಬಾಗಿಲು ತೆರೆದೇ ಇತ್ತು.

ಅವನು ಬಾಯಿ ತೆರೆಯುವ ಮುಂಚೆ ಅವಳೇ ಶುರು ಮಾಡಿದಳು.

"ಬೈದುಬಿಡಿ. ಕಾರ್ಡು ನೋಡಿ ನಿಮಗೆ ಮುಂಚೆನೇ ಗೊತ್ತಾಗಿದೆ ಅಂತ ನಂಗೆ ಗೊತ್ತು. ಎರಡು ವಾರದಿಂದ ನನ್ನ ಮುಖ ನೋಡ್ತಿಲ್ಲ ನೀವು. ನಾನು ಸರಿಯಾಗೇ ತಿಂತಿದೀನಿ, ನಿಮ್ಮಾಣೆ. ಆದ್ರೂ ಇಳೀತಿದೆ. ನಾನೇನು ಮಾಡ್ಲಿ?"

ಅವನ ಜಂಬದ ಮೌನ ಅವಳಿಗೆ ಹೀಗೆ ಕೇಳಿಸಿತ್ತು. ಅವನು ಗೋಡೆಗೆ ಒರಗಿಬಿಟ್ಟ.

"ಇಳಿದಿಲ್ಲ ಕಣೇ. ಮಷೀನು ತಪ್ಪು ತೋರಿಸ್ತಿತ್ತು. ಒಂದು ಕಿಲೋ ಎಂಟುನೂರು ಗ್ರಾಂ. ನಾನೇ ಸರಿ ಮಾಡ್ದೆ. ಈಗ ತೋರಿಸ್ತಿರೋದು ನಿಜ, ಮುಂಚೆ ತೋರಿಸಿದ್ದು ಸುಳ್ಳು."

"ತಕ್ಕಡಿ ಸುಳ್ಳು ಹೇಳಲ್ಲ ಅಂದ್ರಿ?"

"ಹೇಳುತ್ತೆ."

"ಯಾವತ್ತು ಸರಿ ಮಾಡಿದ್ದು?"

"ಹದಿನಾರು ದಿನ ಆಯ್ತು."

"ನಂಗ್ಯಾಕೆ ಹೇಳ್ಲಿಲ್ಲ?"

ನನ್ನ ತಮ್ಮ ಏನೋ ನೆಪ ಹೇಳುತ್ತಾನೆ ಎಂದುಕೊಂಡೆ. ಹೇಳಲಿಲ್ಲ. "ಹೊಟ್ಟೆಕಿಚ್ಚು," ಎಂದ. "ಇಸ್ತ್ರಿಯಮ್ಮನ ಮೇಲೆ."

ಅವಳು ನಕ್ಕಳು, ನಗುತ್ತಲೇ ಅಳತೊಡಗಿದಳು, ಆಮೇಲೆ "ಹದಿನಾರು ದಿನ! ಹದಿನಾರು ದಿನ ನನ್ನ ಹೊಟ್ಟೆ ಉರಿಸಿದ್ರಲ್ಲ!" ಎಂದು ಕೈಗೆ ಸಿಕ್ಕ ದಿಂಬನ್ನು ಅವನ ಮೇಲೆ ಎಸೆದಳು. ನಾನು ಮೆಲ್ಲಗೆ ಇಳಿದು ಬಂದೆ. ಮುಂದಿನ ವಾರದ ಸ್ಕ್ಯಾನಿನಲ್ಲಿ ಮಗು ಬೇಕಾದಷ್ಟು ಬೆಳೆದಿದೆ ಎಂದರು. ಅದನ್ನೂ ನನಗೆ ಹೇಳಿದ್ದು ಇಸ್ತ್ರಿಯಮ್ಮನೇ.

ಆಮೇಲೆ ಏನಾಯಿತೆಂದರೆ, ಸಂಜೆ ತಮ್ಮ ನನ್ನಲ್ಲಿಗೆ ಬರುವುದು ನಿಂತಿತು. ಅವನೂ ಕೆಳಗೇ. ಇವಳು ಸ್ಟೂಲಿನ ಮೇಲೆ, ಇವನು ಮೆಟ್ಟಿಲ ಮೇಲೆ, ಇಸ್ತ್ರಿಯಮ್ಮ ಬಟ್ಟೆಯ ರಾಶಿಯ ಹಿಂದೆ. ಬಟ್ಟೆಗೆ ನೀರು ಚಿಮುಕಿಸುವ ಕೆಲಸ ಅವನಿಗೆ ಕೊಟ್ಟಿದ್ದಳಂತೆ. ಮೂವರೂ ನಗುವುದು ಎರಡನೆಯ ಮಹಡಿಯವರೆಗೆ ಕೇಳಿಸುತ್ತಿತ್ತು. ನಾನು ಒಬ್ಬಳೇ ಚಹಾ ಕುಡಿದೆ. ಹೋಗಿ ಅವರ ಜೊತೆ ಕೂರಬಹುದಿತ್ತು, ಯಾರೂ ಬೇಡ ಎನ್ನುತ್ತಿರಲಿಲ್ಲ. ಆದರೆ ಕರೆಯದೆ ಹೋಗಲು ಮನಸ್ಸು ಬರಲಿಲ್ಲ. ಈಗ ನನ್ನ ಹೊಟ್ಟೆಕಿಚ್ಚಿಗೆ ಜೊತೆಯೂ ಇಲ್ಲದಾಯಿತು.

ನೋವು ಶುರುವಾದದ್ದು ಒಂದು ಬೆಳಿಗ್ಗೆ, ನಾನು ಕೆಲಸಕ್ಕೆ ಹೊರಡುವ ಹೊತ್ತಿಗೆ. ತಮ್ಮ ಚೀಲ ಹಿಡಿದು ಆಟೋ ನಿಲ್ಲಿಸಲು ದಡದಡ ಇಳಿದು ಹೋದ. ಅವಳು ಹಿಂದೆ ಒಂದೊಂದೇ ಮೆಟ್ಟಿಲು ಇಳಿಯುತ್ತಾ ಬಂದು, ಸರಿಯಾಗಿ ನನ್ನ ಬಾಗಿಲ ಮುಂದೆ ನಿಂತಳು. ನೋವು ಬಂದಿತ್ತು. ನನ್ನ ಬಾಗಿಲ ಚೌಕಟ್ಟನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ನಾನು ಕುರ್ಚಿ ಎಳೆದು ತಂದೆ. ಕೂತಳು.

"ಅತ್ತಿಗೇ," ಎಂದಳು. "ತುಂಬಾ ಭಯ ಆಗ್ತಿದೆ."

ನನ್ನ ಬಾಯಲ್ಲಿ ಹತ್ತು ಉತ್ತರಗಳು ಬಂದವು. ಭಯ ಯಾಕೆ, ಡಾಕ್ಟರಿದ್ದಾರೆ, ಎಲ್ಲರೂ ಹೆರುವುದಿಲ್ಲವೇ, ಉಸಿರು ಹೀಗೆ ಬಿಡು, ಕಾಲು ಹಾಗೆ ಇಡು. ಎಲ್ಲವನ್ನೂ ನುಂಗಿಕೊಂಡೆ. ಅವಳ ಮುಂದೆ ನೆಲದ ಮೇಲೆ ಕೂತು, ಅವಳ ಊದಿದ ಪಾದ ನನ್ನ ಮಡಿಲಲ್ಲಿ ಇಟ್ಟುಕೊಂಡೆ.

"ಹೇಳು," ಎಂದೆ.