ಎಣಿಸಿ ಒತ್ತಿದ ಗುಂಡಿ

ತೆಲಂಗಾಣ ಪ್ರತ್ಯೇಕ ರಾಜ್ಯವಾಗಿ ಕೆಲವು ವರ್ಷಗಳಾಗಿದ್ದವು. ನಾನು ಆಗ ಹೈದರಾಬಾದಿನ ಮೆಹದಿಪಟ್ಟಣಂ ಹತ್ತಿರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಹಿರಿಯ ಆಡಿಯಾಲಜಿಸ್ಟ್. ಕಿವಿ ಎಷ್ಟು ಕೇಳುತ್ತದೆ ಎಂದು ಅಳೆದು ಬರೆದುಕೊಡುವುದು ನನ್ನ ಕೆಲಸ. ಇಪ್ಪತ್ತಾರು ವರ್ಷ ಅದನ್ನೇ ಮಾಡಿದ್ದೆ, ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ನನ್ನ ಗ್ರಾಫ್ ತಪ್ಪುವುದಿಲ್ಲ ಎಂಬ ಜಂಬ ಸಾಕಷ್ಟಿತ್ತು. ಆ ಜಂಬ ಮುರಿದ ಪ್ರಕರಣ ಇದು. ನೆನೆದರೆ ಈಗಲೂ ಮೈ ಉರಿಯುತ್ತದೆ.

ಪರೀಕ್ಷೆಯ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ. ರೋಗಿಯನ್ನು ಹೊರಗಿನ ಸದ್ದು ಬಾರದ ಸಣ್ಣ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಕೈಗೆ ಒಂದು ಗುಂಡಿ ಕೊಡುತ್ತೇವೆ. ಗಾಜಿನ ಈಚೆ ಕುಳಿತು ನಾನು ಬೇರೆ ಬೇರೆ ಮಟ್ಟದ ಸದ್ದು ಕಳಿಸುತ್ತೇನೆ. ಕೇಳಿದರೆ ಅವರು ಗುಂಡಿ ಒತ್ತಬೇಕು, ನನ್ನ ಮುಂದೆ ಕೆಂಪು ದೀಪ ಹತ್ತುತ್ತದೆ. ಇಪ್ಪತ್ತೈದು ಡೆಸಿಬೆಲ್ ಒಳಗಿನ ಸದ್ದು ಕೇಳಿದರೆ ಕಿವಿ ಚೆನ್ನಾಗಿದೆ ಎಂದರ್ಥ. ಅಂಕಿ ಏರಿದಷ್ಟೂ ಕಿವುಡು ಹೆಚ್ಚು. ಇಡೀ ಪರೀಕ್ಷೆ ನಿಂತಿರುವುದು ಗುಂಡಿ ಹಿಡಿದವರ ಪ್ರಾಮಾಣಿಕತೆಯ ಮೇಲೆ.

ಒಂದು ಶುಕ್ರವಾರ ಬೆಳಿಗ್ಗೆ ಎಪ್ಪತ್ತಮೂರು ವರ್ಷದ ಇಂಗ್ಲಿಷ್ ರಾಕ್ ಡ್ರಮ್ಮರ್ ಒಬ್ಬರನ್ನು ನನ್ನ ಕೋಣೆಗೆ ಕರೆತಂದರು. ಅವರು ನನ್ನ ರೋಗಿಯಾಗಿದ್ದವರು, ಹೆಸರು ಬರೆಯುವುದಿಲ್ಲ. ಮರುದಿನ ಸಂಜೆ ನಗರದಲ್ಲಿ ಅವರ ತಂಡದ ಕಾರ್ಯಕ್ರಮವಿತ್ತು. ಎರಡು ದಿನಗಳ ಹಿಂದೆ ಎದ್ದಾಗ ಎಡಗಿವಿ ಗುಂಯ್ ಎನ್ನುತ್ತಿತ್ತಂತೆ. ಜೊತೆಗೆ ಬಂದಿದ್ದ ಕಾರ್ಯಕ್ರಮದ ಮ್ಯಾನೇಜರ್‌ಗೆ ಒಂದೇ ಆತುರ: ಕಿವಿ ಸರಿ ಇದೆ ಎಂಬ ವರದಿ ಬೇಕು, ಅದಿಲ್ಲದೆ ವಿಮೆಯವರು ವೇದಿಕೆ ಹತ್ತಲು ಬಿಡುವುದಿಲ್ಲ.

ಹೀಗೆ ಶುರುವಾಗಿ ಕಿವಿ ಏಕಾಏಕಿ ಸೋಲುವುದು ತುರ್ತು ಪರಿಸ್ಥಿತಿ. ಮೊದಲ ದಿನಗಳಲ್ಲೇ ಸ್ಟೀರಾಯ್ಡ್ ಕೊಟ್ಟು, ದೊಡ್ಡ ಸದ್ದಿನಿಂದ ದೂರವಿಟ್ಟರೆ ಉಳಿಯುವ ಸಾಧ್ಯತೆ ಇದೆ. ಅಂಥ ಕಿವಿಯನ್ನು ಡ್ರಮ್ ಮತ್ತು ಆಳೆತ್ತರದ ಸ್ಪೀಕರ್‌ಗಳ ನಡುವೆ ಕೂರಿಸಿದರೆ ಮುಗಿಯಿತು.

ಕೇಸ್ ಹಿಸ್ಟರಿ ಬರೆಯುವಾಗ ಅವರು ತಮ್ಮ ಬದುಕನ್ನೇ ಬಿಚ್ಚಿಟ್ಟರು. ಇಂಗ್ಲೆಂಡಿನ ಬಂದರು ಊರು. ಅಪ್ಪ ಹಡಗುಕಟ್ಟೆಯಲ್ಲಿ ಮೊಳೆ ಬಡಿಯುವವರು, ಮನೆಯಲ್ಲಿ ಕೂಗಿಯೇ ಮಾತಾಡುತ್ತಿದ್ದರಂತೆ. ಹದಿಮೂರಕ್ಕೆ ಚರ್ಚಿನ ಬ್ಯಾಂಡಿನಲ್ಲಿ ಡ್ರಮ್ ಹಿಡಿದರು, ಹದಿನೆಂಟಕ್ಕೆ ಊರು ಬಿಟ್ಟರು. ಒಂದು ತಂಡ ಮುರಿಯಿತು, ಇನ್ನೊಂದು ಹೆಸರು ಮಾಡಿತು, ಜಗಳವಾಗಿ ಹತ್ತು ವರ್ಷ ಪರಸ್ಪರ ಮಾತಿಲ್ಲ, ವಯಸ್ಸಾದ ಮೇಲೆ ಮತ್ತೆ ಒಂದಾದರು. 'ಇಯರ್‌ಪ್ಲಗ್ ಹಾಕುತ್ತಿದ್ದಿರಾ?' ಎಂದೆ. ನಕ್ಕರು. 'ಸದ್ದಿನ ಸಹವಾಸ: ಅರವತ್ತು ವರ್ಷ, ರಕ್ಷಣೆ ಇಲ್ಲ' ಎಂದು ಬರೆದುಕೊಂಡೆ. ಮನುಷ್ಯ ಇಷ್ಟವಾದರು, ಸುಳ್ಳು ಹೇಳಲಾರೆ.

ಮೊದಲು ಬಲಗಿವಿ, ಆಮೇಲೆ ಎಡಗಿವಿ ನೋಡಿದೆ. ಎರಡೂ ಹೆಚ್ಚು ಕಡಿಮೆ ಒಂದೇ ಅಚ್ಚಿನಲ್ಲಿ ಬಂದವು. ವಯಸ್ಸಿಗೂ ವೃತ್ತಿಗೂ ತಕ್ಕ ಹಳೆಯ ನಷ್ಟ ಬಿಟ್ಟರೆ ಹೊಸದೇನೂ ಇಲ್ಲ. ತೊಂದರೆ ಇದೆ ಎಂದು ಬಂದ ಕಿವಿ ಇನ್ನೊಂದರ ತದ್ರೂಪಿಯಾಗಿದ್ದರೆ ಅನುಮಾನ ಬರಬೇಕಿತ್ತು, ಬರಲಿಲ್ಲ. ಹಿಂದೆ ಮ್ಯಾನೇಜರ್ ಗಡಿಯಾರ ನೋಡುತ್ತ ನಿಂತಿದ್ದ. ಸಹಿ ಹಾಕಿದೆ, ಅವರು ಹೊರಟರು.

ನಮ್ಮ ವಿಭಾಗದ ಸ್ವಚ್ಛತೆಯ ಕೆಲಸ ಬಸಮ್ಮನದು. ಸೇಡಂ ಕಡೆಯವಳು, ನಾಲ್ಕು ವರ್ಷದಿಂದ ನಮ್ಮಲ್ಲಿದ್ದಳು. ಆ ಪರೀಕ್ಷೆಯ ಹೊತ್ತಿಗೆ ನಿಂತುಕೊಂಡು ಕೋಣೆಯ ಗಾಜು ಒರೆಸುತ್ತಿದ್ದಳು. ಕುಳಿತ ನನಗೆ ರೋಗಿಯ ಮುಖ ಮಾತ್ರ ಕಾಣುತ್ತದೆ, ನಿಂತ ಅವಳಿಗೆ ಪಾದದವರೆಗೂ ಕಾಣುತ್ತದೆ. ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ಬಂದು ನಿಂತಳು.

'ಅಕ್ಕಾವ್ರ, ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಆ ಮುದುಕಪ್ಪ ಕಿವಿಲೆ ಕೇಳಿ ಒತ್ತಲಿಲ್ರಿ. ಅವನ ಕಾಲು ತಾಳ ಹಾಕಾಕತ್ತಿತ್ತು. ಗುಂಡಿ ಒತ್ತಿದಾಗೆಲ್ಲಾ ಕಾಲಿನ ತಾಳಕ್ಕ ಒತ್ತಾಂವ.'

ಡಬ್ಬಿ ಮುಚ್ಚಿಟ್ಟೆ. ಎರಡು ಸದ್ದುಗಳ ನಡುವಿನ ಬಿಡುವನ್ನು ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಮಾಡಬೇಕು ಎಂಬುದು ಈ ವೃತ್ತಿಯ ಮೊದಲ ಪಾಠ. ನಾನು ಎಷ್ಟೋ ವರ್ಷದಿಂದ ಅದನ್ನು ಮರೆತಿದ್ದೆ. ದಿನಕ್ಕೆ ಇಪ್ಪತ್ತು ರೋಗಿಗಳನ್ನು ನೋಡಿ ನೋಡಿ ನನ್ನ ಬೆರಳಿಗೆ ಒಂದು ಲಯ ಹತ್ತಿಬಿಟ್ಟಿತ್ತು: ಒಂದು ಸದ್ದು, ಎರಡು ಸೆಕೆಂಡ್ ಬಿಡುವು, ಮತ್ತೆ ಸದ್ದು. ಬಲಗಿವಿಯಲ್ಲಿ ಅದನ್ನು ಕಲಿತುಕೊಂಡು, ಎಲ್ಲಿ ಒತ್ತಬೇಕು, ಎಲ್ಲಿ ಬಿಡಬೇಕು ಎಂದು ನೆನಪಿಟ್ಟು, ಆತ ಎಡಗಿವಿಗೆ ನಕಲು ಹೊಡೆದಿದ್ದರು.

ಟ್ಯೂನಿಂಗ್ ಫೋರ್ಕ್ ಚೀಲಕ್ಕೆ ಹಾಕಿಕೊಂಡು ಅವರಿದ್ದ ಹೋಟೆಲಿಗೆ ಆಟೋ ಹಿಡಿದೆ. ಅದು ಕಬ್ಬಿಣದ ಸಣ್ಣ ಕವಲು. ಬಡಿದು ನೆತ್ತಿಯ ನಡುವೆ ಇಟ್ಟರೆ ಸದ್ದು ಎರಡೂ ಕಡೆ ಸಮನಾಗಿ ಕೇಳಬೇಕು, ಒಂದು ಕಿವಿಯ ನರ ಸೋತಿದ್ದರೆ ಒಳ್ಳೆಯ ಕಿವಿಯ ಕಡೆಗೇ ವಾಲುತ್ತದೆ. ಇದರಲ್ಲಿ ಎಣಿಸಲು ಏನೂ ಇಲ್ಲ. 'ಎಲ್ಲಿ ಕೇಳಿತು?' ಎಂದೆ. ಯೋಚಿಸುವ ಮುನ್ನವೇ ಅವರ ಕೈ ಬಲಗಿವಿಗೆ ಹೋಯಿತು. ಆಮೇಲೆ ತಲೆ ತಗ್ಗಿಸಿದರು.

'ಯಾಕೆ ಹೀಗೆ ಮಾಡಿದಿರಿ?'

'ಎಣಿಸುವುದು ಬಿಟ್ಟರೆ ನನಗೆ ಬೇರೇನೂ ಬರುವುದಿಲ್ಲ, ಮೇಡಂ. ನೀವೋ ಗಡಿಯಾರದ ಹಾಗೆ ಒತ್ತುತ್ತೀರಿ. ಸುಲಭವಾಯಿತು' ಎಂದರು ಇಂಗ್ಲಿಷಿನಲ್ಲಿ. ಕೆನ್ನೆಗೆ ಬಾರಿಸಿದಂತಾಯಿತು.

'ಇವತ್ತೇ ಅಡ್ಮಿಟ್ ಆಗಿ. ಇನ್ನೂ ಸಮಯ ಇದೆ.'

'ನಾಳೆ ಬಾರಿಸದಿದ್ದರೆ ಮುಂದಿನ ಊರಿಗೆ ಬೇರೆ ಡ್ರಮ್ಮರ್ ಬರುತ್ತಾನೆ. ಆಮೇಲೆ ನನ್ನನ್ನು ಯಾರೂ ಕರೆಯುವುದಿಲ್ಲ.'

ಮ್ಯಾನೇಜರ್ ನಡುವೆ ಬಂದ. 'ಮೇಡಂ, ಟೆನ್ಷನ್ ಮತ್ ಲೋ. ಕಾನ್ ಉನ್ಕಾ, ಶೋ ಹಮಾರಾ. ಆಪ್ಕಾ ಕ್ಯಾ ಹೈ?' ಕಿವಿ ಅವರದು, ಶೋ ನಮ್ಮದು, ನಿಮ್ಮದೇನಿದೆ ಎಂಬುದು ಅವನ ಪ್ರಶ್ನೆ.

'ಸಹಿ ನನ್ನದು' ಎಂದು ಅವನಿಗೆ ಹಿಂದಿಯಲ್ಲೇ ಹೇಳಿ, ಮೇಜಿನ ಮೇಲಿದ್ದ ವರದಿಯ ಮೇಲೆ 'ರದ್ದು' ಎಂದು ಬರೆದು ಅಡ್ಡಗೆರೆ ಎಳೆದೆ. ವರದಿ ಹಿಂತೆಗೆದುಕೊಂಡಿದ್ದೇನೆ ಎಂದು ಅಲ್ಲೇ ಇನ್ನೊಂದು ಕಾಗದ ಬರೆದುಕೊಟ್ಟೆ. ಅವನು ನಗುತ್ತಲೇ ತೆಗೆದುಕೊಂಡ. ಆ ನಗೆ ಯಾಕೆಂದು ಮರುದಿನ ತಿಳಿಯಿತು. ಬೇರೆಲ್ಲಿಂದಲೋ ಇನ್ನೊಂದು ವರದಿ ತರಿಸಿದ್ದ. ಮುದುಕ ಎರಡು ಗಂಟೆ ಬಾರಿಸಿದರು. 'ಈ ವಯಸ್ಸಿನಲ್ಲೂ ಎಂಥ ಲಯ' ಎಂದು ಮೆಚ್ಚಿದವರ ಮಾತು ಕೇಳಿ ನನಗೆ ಹಲ್ಲು ಕಡಿಯುವಷ್ಟು ಸಿಟ್ಟು ಬಂತು.

ಸೋಮವಾರ ಒಬ್ಬರೇ ಬಂದರು. ಈ ಸಲ ನನ್ನ ಬೆರಳಿಗೆ ಲಯವಿರಲಿಲ್ಲ, ಅವರಿಗೂ ಎಣಿಸುವ ಮನಸ್ಸಿರಲಿಲ್ಲ. ಎಡಗಿವಿಗೆ ತೊಂಬತ್ತು ಡೆಸಿಬೆಲ್ ಕಳಿಸಿದರೂ ದೀಪ ಹತ್ತಲಿಲ್ಲ. ಸ್ಟೀರಾಯ್ಡ್ ಬರೆಸಿಕೊಟ್ಟೆವು, ತಡವಾಗಿತ್ತು. 'ಇನ್ನೊಂದು ಇದೆಯಲ್ಲ' ಎಂದು ಕೈಕುಲುಕಿ ಹೋದರು. ಅವರ ಮೇಲೆ ಕೂಗಾಡಬೇಕೆನಿಸಿತು, ಕೂಗಾಡಲಿಲ್ಲ.

ಆ ಸಂಜೆ ಬಸಮ್ಮನನ್ನು ಕೇಳಿದೆ. 'ಕಾಲು ನೋಡಿ ನಿನಗ ಹೆಂಗ ಗೊತ್ತಾತು?'

ಬಕೆಟ್ಟು ಕೆಳಗಿಟ್ಟಳು. 'ನಮ್ಮನಿಯಾಂವನೂ ಹಂಗ ಪಾಸಾಗಿದ್ರಿ. ಲಿಂಗಂಪಲ್ಲಿ ಕಡೆ ಬಂಡಿಗಲ್ಲು ಕೊರೆಯೋ ಮಷೀನ್ ಹಿಡೀತಿದ್ದ. ಕಂಪನಿಯವ್ರು ವರ್ಷಕ್ಕೊಮ್ಮೆ ನಿಮ್ಮ ಕಡೆ ಕಳಸ್ತಿದ್ರು. ಹೊರಗ ಸಾಲಿನ್ಯಾಗ ನಿಂತವರು ಒಬ್ರಿಗೊಬ್ರು ಹೇಳಿಕೊಡ್ತಿದ್ರು. ಒತ್ತು, ಎರಡು ಎಣಸು, ಒತ್ತು ಅಂತ.'

'ಇಷ್ಟು ದಿನ ಯಾಕ ಹೇಳಲಿಲ್ಲ?'

'ಆವಾಗ ಹೇಳಿದ್ರ ಕೆಲಸ ಹೋಗ್ತಿತ್ತು. ನಾ ಇಲ್ಲಿ ಸೇರೂದ್ರಾಗ ಅವನ ಕಿವಿನ ಹೋಗಿತ್ತು. ಹೇಳಿ ಏನ್ ಮಾಡೂದ್ರೀ?'

ಹಳೆಯ ಕಡತ ತೆಗೆಸಿದೆ. ಬಸಮ್ಮನ ಗಂಡ ಮಲ್ಲಪ್ಪ, ಡ್ರಿಲ್ ಆಪರೇಟರ್. ಮೂರು ವರ್ಷ, ಮೂರು ಗ್ರಾಫ್, ಮೂರರಲ್ಲೂ 'ಕೆಲಸಕ್ಕೆ ಅರ್ಹ', ಕೆಳಗೆ ನನ್ನ ದುಂಡನೆಯ ಸಹಿ. ಮ್ಯಾನೇಜರ್‌ನನ್ನು ಎರಡು ದಿನದಿಂದ ಮನಸ್ಸಿನಲ್ಲೇ ಬೈಯುತ್ತಿದ್ದೆ. ಅವನು ಕೆಡಿಸಿದ್ದು ಒಂದು ಕಿವಿ. ನಾನು ಸಾಲುಸಾಲು ಜನರನ್ನು ಆ ಮಷೀನಿನ ಬಾಯಿಗೆ ವಾಪಸ್ ಕಳಿಸಿದ್ದೆ.

ಉಳಿದ ಎರಡು ವರ್ಷ ನನ್ನ ಕೈಕೆಳಗಿನವರಿಗೆ ಒಂದೇ ಮಾತು ಹೇಳಿಕೊಟ್ಟೆ: ನಿಮ್ಮ ಬೆರಳು ಪಳಗಿತು ಅನ್ನಿಸಿದ ದಿನ ಹೆದರಿಕೊಳ್ಳಿ.

ಕಡತ ನೋಡಿದ ಮರುದಿನವೇ ಮಲ್ಲಪ್ಪನನ್ನು ಕರೆಸಿದ್ದೆ. ಈಗ ಒಂದು ಅಪಾರ್ಟ್‌ಮೆಂಟಿನ ವಾಚ್‌ಮನ್. ಹೆಡ್‌ಫೋನ್ ಹಾಕಿ, ಕೈಗೆ ಗುಂಡಿ ಕೊಟ್ಟು, ಬಾಗಿಲು ಮುಚ್ಚಿ ಬಂದು ಕುಳಿತೆ. ಪೆನ್ನು ಹುಡುಕುತ್ತಿದ್ದಾಗಲೇ ಕೆಂಪು ದೀಪ ಹತ್ತಿತು, ಆರಿತು. ಎರಡು ಸೆಕೆಂಡ್ ಬಿಟ್ಟು ಮತ್ತೆ ಹತ್ತಿತು. ನಾನಿನ್ನೂ ಒಂದೂ ಸದ್ದು ಕಳಿಸಿರಲಿಲ್ಲ. ಗಾಜಿನಾಚೆ ಆತ ನನ್ನ ಮುಖವನ್ನೇ ನೋಡುತ್ತ, ತುಟಿ ಅಲ್ಲಾಡಿಸಿ ಎಣಿಸುತ್ತಿದ್ದ.

ಬಸಮ್ಮ ಬಾಗಿಲು ತೆರೆದು ಒಳಗೆ ಹೋಗಿ ಅವನ ಹೆಬ್ಬೆರಳನ್ನು ತನ್ನ ಅಂಗೈಯಲ್ಲಿ ಹಿಡಿದುಕೊಂಡಳು. ಅವನಿಗೆ ಕೇಳುವುದಿಲ್ಲವೆಂದು ಗೊತ್ತಿದ್ದರೂ, 'ಸಾಕ್ ಬಿಡ್ರಿ, ಈಗ ಯಾರೂ ಕೆಲಸ ಕಸಗೊಳ್ಳೂದಿಲ್ಲ' ಎಂದಳು. ದೀಪ ಆರಿತು.