ಅಜ್ಜಿ ಕೊಟ್ಟ ಹೆಂಚು

ಚೀನಾ ಯುದ್ಧ ಮುಗಿದ ಮರುವರ್ಷ, ಶಾಂತಿಗ್ರಾಮದಿಂದ ಎರಡು ಮೈಲಿ ಒಳಗಿದ್ದ ಒಂದು ಹಳ್ಳಿಗೆ ನಾನು ಟೀಚರಾಗಿ ಹೋದೆ. ಹತ್ತೊಂಬತ್ತು ವರ್ಷ, ಮೊದಲ ಕೆಲಸ. ಶಾಲೆ ಎಂದರೆ ಮಾರಿಗುಡಿಯ ಜಗಲಿ. ನಾಲ್ಕು ತರಗತಿಗೂ ನಾನೊಬ್ಬಳೇ. ಮಳೆ ಇರಚಲು ಹೊಡೆದರೆ ಮಕ್ಕಳು ಗೋಡೆಗೆ ಒತ್ತಿಕೊಂಡು ನಿಂತು ಮಗ್ಗಿ ಹೇಳುತ್ತಿದ್ದರು.

ಶಾಲೆಯ ಕಟ್ಟಡ ಹಿಂದೆಯೇ ಮಂಜೂರಾಗಿತ್ತು. ವಿಚಾರಿಸಲು ಹಾಸನಕ್ಕೆ ಹೋದರೆ ಕಚೇರಿಯ ಗುಮಾಸ್ತರು ಫೈಲು ಬಿಡಿಸಿ ತೋರಿಸಿದರು.

“ಯುದ್ಧ ಬಂತಲ್ಲಮ್ಮ, ಹೊಸ ಕಟ್ಟಡ ಎಲ್ಲಾ ನಿಲ್ಸಿದಾರೆ. ಊರಿನೋರು ಒಂದು ಕೋಣೆ ಎಬ್ಬಿಸಲಿ, ಇನ್ನೊಂದಕ್ಕೆ ನಾನೇ ಬರೆದು ಕಳಿಸ್ತೀನಿ.”

ಊರಿಗೆ ಬಂದು ಪಟೇಲರಿಗೆ ಹೇಳಿದೆ. “ಓದ್ವರ್ಸ ಯುದ್ಧಕ್ಕೆ ಅಂತ ನಮ್ಮ ಎಂಗಸ್ರು ಕಿವಿ ಓಲೆ ಬಿಚ್ಕೊಟ್ರು. ಈಗ ಇಸ್ಕೂಲ್ಗೂ ನಾವೇ ಕೊಡ್ಬೇಕಾ ಟೀಚರಮ್ಮ?” ಎಂದರು. ಗುಮಾಸ್ತರು ಹೇಳಿದ್ದನ್ನೇ ಇನ್ನೊಮ್ಮೆ ಹೇಳಿದೆ. ಕೊನೆಗೆ ಅವರೇ, “ಕಲ್ಲು ಮಣ್ಣಿಗೇನು ಬರ ಇಲ್ಲ ಬುಡಿ” ಎಂದರು.

ಬೇಸಿಗೆಯಲ್ಲಿ ಗೋಡೆಗಳೆದ್ದವು. ಪಟೇಲರು ತೋಟದ ತೆಂಗಿನ ಮರ ಸೀಳಿಸಿ ತೊಲೆ ಕೊಟ್ಟರು. ಅಲ್ಲಿಗೆ ಎಲ್ಲರ ಕೈಯೂ ಬರಿದಾಯಿತು. ಮಳೆ ಹತ್ತಿರ ಬಂದಿತ್ತು, ಹೆಂಚಿಲ್ಲ.

ಶಾಲೆಯ ಪಕ್ಕದ ಹುಲ್ಲಿನ ಮನೆಯಲ್ಲಿ ಒಬ್ಬ ಅಜ್ಜಿ ಇದ್ದರು. ಸೀಬೆಕಾಯಿ ಕದಿಯುತ್ತವೆಂದು ನನ್ನ ಮಕ್ಕಳನ್ನು ದಿನವೂ ಬೈಯುತ್ತಿದ್ದವರು. ಒಂದು ಬೆಳಿಗ್ಗೆ ಬಂದು, “ನನ್ ಇತ್ಲಲ್ಲಿ ಎಂಚೈತೆ, ಒತ್ಕೊಂಡೋಗಿ” ಎಂದರು. ತಮ್ಮ ಮನೆಗೆ ಹೊದಿಸಲೆಂದು ವರ್ಷ ವರ್ಷ ಇಷ್ಟಿಷ್ಟೇ ತಂದು ಪೇರಿಸಿಟ್ಟಿದ್ದ ಹೆಂಚು!

“ನಿಮ್ಮ ಮನೆಗೆ ಬೇಡವಾ ಅಜ್ಜಿ?”

“ನನ್ ಉಲ್ಲಿನ್ ಸೂರು ಇನ್ನೆರಡು ವರ್ಸ ತಡೀತದೆ. ಈ ಮಣ್ ಗ್ವಾಡೆ ಒಂದು ಮಳೆಗೂ ತಡಿಯಾಕಿಲ್ಲ ಕಣವ್ವ. ಆದ್ರೆ ಬಿಟ್ಟಿ ಕೊಡಾಕಿಲ್ಲ. ನಂಗೆ ಬಸ್ಸಿನ್ ಬೋಲ್ಡು ಓದಾದು ಕಲಿಸ್ಬೇಕು.”

ಮಗಳನ್ನು ಹೊಳೆನರಸೀಪುರಕ್ಕೆ ಕೊಟ್ಟಿದ್ದರು. ಒಮ್ಮೆ ಹಾಸನದಲ್ಲಿ ತಪ್ಪಿ ಬೇರೆ ಬಸ್ಸು ಹತ್ತಿ, ಬಾಣಂತಿ ಮಗಳಿಗೆಂದು ಕಟ್ಟಿಕೊಂಡಿದ್ದ ಕೊಬ್ಬರಿ ಬೆಲ್ಲದ ಗಂಟು ಹಿಡಿದುಕೊಂಡು ಅರಕಲಗೂಡಿನಲ್ಲಿ ಇಳಿದಿದ್ದರಂತೆ.

ಮರುದಿನ ಮಕ್ಕಳು ಸಾಲಾಗಿ ನಿಂತು ಕೈಯಿಂದ ಕೈಗೆ ಹೆಂಚು ದಾಟಿಸಿದರು. ಸೂರು ಮುಗಿದ ಮೇಲೆ ಅಜ್ಜಿ ಒಂದನೇ ತರಗತಿಯ ಹಿಂದೆ ಬಂದು ಕೂತರು. ನಾನು ಹಲಗೆಯ ಮೇಲೆ ‘ಹೊ’ ಬರೆದರೆ ಒಪ್ಪಲೇ ಇಲ್ಲ.

“ಒಳೆನರ್ಸೀಪುರಕ್ಕೆ ‘ಒ’ ಅಲ್ವಾ ಬರಾದು?”

ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. ಅಜ್ಜಿಯೂ ನಕ್ಕರು. ನಾಲ್ಕು ತಿಂಗಳಾದ ಮೇಲೆ ಒಬ್ಬರೇ ಹೊರಟು, ಮಗಳ ಮನೆಯಲ್ಲಿ ಮೂರು ದಿನ ಇದ್ದು ಬಂದು, ಪಾಠದ ನಡುವೆಯೇ ಬಾಗಿಲಲ್ಲಿ ನಿಂತು, “ಓಗ್ಬಂದೆ ಕಣ್ರಲಾ! ಕಂಡಕ್ಟರ್ನೂ ಕೇಳ್ನಿಲ್ಲ!” ಎಂದು ಕೂಗಿದರು. ಆ ದಿನ ನಾನು ಪಾಠ ಮುಂದುವರಿಸಲಿಲ್ಲ. ಅವರನ್ನು ಕೂರಿಸಿ, ದಾರಿಯುದ್ದಕ್ಕೂ ಏನೇನು ಓದಿದಿರಿ ಎಂದು ಮಕ್ಕಳ ಮುಂದೆ ಹೇಳಿಸಿದೆ.

ಗುಮಾಸ್ತರು ಮಾತು ಉಳಿಸಿಕೊಂಡರು. ಎರಡು ವರ್ಷ ತಡವಾಗಿ ಸರ್ಕಾರದ ದುಡ್ಡು ಬಂತು, ಎರಡನೇ ಕೋಣೆಯೂ ಎದ್ದಿತು, ಇನ್ನೊಬ್ಬ ಮೇಷ್ಟ್ರೂ ಬಂದರು. ಅದೇ ವರ್ಷ ಪಟೇಲರು ತಮ್ಮ ಹಳೆಯ ಕೊಟ್ಟಿಗೆ ಬಿಚ್ಚಿಸಿ, ಅದರ ಹೆಂಚನ್ನು ಗಾಡಿಯಲ್ಲಿ ಅಜ್ಜಿಯ ಮನೆಗೆ ಕಳಿಸಿದರು. ಅಜ್ಜಿ ಜಗಲಿಯಲ್ಲಿ ಕೂತು ಒಂದೊಂದನ್ನೂ ಬೆರಳಿನಿಂದ ತಟ್ಟಿ ನೋಡಿ, ಸೀಳು ಬಿಟ್ಟಿದ್ದನ್ನೆಲ್ಲ ಅದೇ ಗಾಡಿಯಲ್ಲಿ ವಾಪಸು ಕಳಿಸಿದರು.